ಧರ್ಮರಾಯ ತಿರುಗಿ ನೋಡದ ದ್ರೌಪದಿ ಬೆಂಗಳೂರಿನ ದೇವಿಯಾದ ಬಗೆ

ಮಹಾಭಾರತದ ಹದಿನೇಳನೆಯ ಪರ್ವಕ್ಕೆ ಮಹಾಪ್ರಸ್ಥಾನಿಕ ಪರ್ವ ಎಂದು ಹೆಸರು. ಹದಿನೆಂಟು ಪರ್ವಗಳ ಆ ಮಹಾಗ್ರಂಥದಲ್ಲಿ ಇದಕ್ಕೆ ದಕ್ಕಿರುವುದು ಮೂರೇ ಅಧ್ಯಾಯ. ಕುರುಕ್ಷೇತ್ರದ ಯುದ್ಧ ಮುಗಿದು 36 ವರ್ಷಗಳಾಗಿವೆ, ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿ ಅಳಿದಿದ್ದಾರೆ, ಕೃಷ್ಣನೂ ಇಲ್ಲ. ಐವರು ಪಾಂಡವರೂ ದ್ರೌಪದಿಯೂ ನಾರುಡೆ ಉಟ್ಟು, ಬೆನ್ನ ಹಿಂದೆ ಬರುವ ಒಂದು ನಾಯಿಯೊಡನೆ, ಉತ್ತರ ದಿಕ್ಕಿಗೆ ನಡೆದುಬಿಡುತ್ತಾರೆ. ಹಿಮಾಲಯವನ್ನು ದಾಟಿ, ಅದರಾಚೆಯ ಮರಳ ಕಡಲನ್ನು ದಾಟಿ, ಮೇರುವಿನ ಕಡೆಗೆ ಸಾಗುವಾಗ ಎಲ್ಲರಿಗಿಂತ ಮೊದಲು ಕುಸಿದು ಬೀಳುವವಳು ದ್ರೌಪದಿ. ಭೀಮ ತಡೆಯಲಾರದೆ ಅಣ್ಣನನ್ನು ಕೇಳುತ್ತಾನೆ: ಈಕೆ ಯಾವ ಅಧರ್ಮವನ್ನೂ ಮಾಡಿದವಳಲ್ಲ, ಹೀಗೇಕೆ ಬಿದ್ದಳು? ಧರ್ಮರಾಯ ಕೊಡುವ ಉತ್ತರ ಒಂದೇ ಸಾಲಿನದು. ಐವರಲ್ಲಿ ಅರ್ಜುನನ ಮೇಲೆ ಆಕೆಗೆ ಹೆಚ್ಚಿನ ಪಕ್ಷಪಾತವಿತ್ತು, ಅದರ ಫಲವನ್ನು ಈಗ ಉಣ್ಣುತ್ತಿದ್ದಾಳೆ. ಹೀಗೆಂದವನು ಅವಳತ್ತ ನೋಡದೆ ಮುಂದೆ ನಡೆದ ಎಂದು ಮೂಲದ ಶ್ಲೋಕ ಹೇಳುತ್ತದೆ. ಆ 'ನೋಡದೆ' ಎಂಬ ಮಾತನ್ನು ಕವಿ ಸುಮ್ಮನೆ ಹಾಕಿದ್ದಾನೆಂದು ನನಗೆ ಅನ್ನಿಸುವುದಿಲ್ಲ. ಅವನ ಚಿತ್ತ ಯೋಗದಲ್ಲಿ ನೆಟ್ಟಿತ್ತು ಎಂದು ವ್ಯಾಖ್ಯಾನ ಮಾಡಬಹುದು, ಮಾಡಿದ್ದಾರೆ ಕೂಡ. ಆದರೂ ಹಿಮದ ಮೇಲೆ ಬಿದ್ದ ಹೆಂಗಸಿನ ಹತ್ತಿರ ಯಾರೂ ನಿಲ್ಲಲಿಲ್ಲ ಎಂಬ ಸಂಗತಿ ಉಳಿದೇ ಉಳಿಯುತ್ತದೆ.

ಮಹಾಕಾವ್ಯ ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಬೆಂಗಳೂರಿನ ಹಳೆಯ ಪೇಟೆಯ ಕಥೆ ಅಲ್ಲಿಯೇ ನಿಲ್ಲುತ್ತದೆ, ಬಿದ್ದವಳ ಬಳಿಯಲ್ಲಿಯೇ. ತಿಗಳ ಸಮುದಾಯದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಕಥೆಯ ಪ್ರಕಾರ, ದ್ರೌಪದಿ ಸತ್ತಿರಲಿಲ್ಲ, ಮೂರ್ಛೆ ಹೋಗಿದ್ದಳು. ಎಚ್ಚರವಾಗಿ ಕಣ್ಣು ತೆರೆದಾಗ ಗಂಡಂದಿರು ಯಾರೂ ಇಲ್ಲ, ಎದುರಿಗೆ ತಿಮಿರಾಸುರನೆಂಬ ರಾಕ್ಷಸ ನಿಂತಿದ್ದಾನೆ. ಆಗ ಆಕೆ ತನ್ನ ನಿಜರೂಪವಾದ ಆದಿಶಕ್ತಿಯ ರೂಪವನ್ನು ತಾಳಿ, ತನ್ನ ಮೈಯಿಂದಲೇ ವೀರಕುಮಾರರೆಂಬ ಪಡೆಯನ್ನು ಹುಟ್ಟಿಸಿದಳು. ವೀರಕುಮಾರರು ಕತ್ತಿ ಹಿಡಿದು ಅಸುರನನ್ನು ಸಂಹರಿಸಿದರು. ಕೆಲಸ ಮುಗಿದ ಮೇಲೆ ದೇವಿ ಹೊರಟು ನಿಂತಾಗ ಆ ಮಕ್ಕಳು ತಾಯಿಯನ್ನು ಬಿಡಲೊಲ್ಲದೆ ಅತ್ತು ತಡೆದರಂತೆ. ವರ್ಷಕ್ಕೊಮ್ಮೆ, ಚೈತ್ರ ಮಾಸದಲ್ಲಿ, ಮೂರು ದಿನ ನಿಮ್ಮ ನಡುವೆ ಬಂದಿರುತ್ತೇನೆ ಎಂದು ಆಕೆ ಮಾತು ಕೊಟ್ಟಳು. ಆ ಮಾತು ನಡೆಯುವ ಹಬ್ಬವೇ ಕರಗ.

ಮಹಾಕಾವ್ಯದ ಒಬ್ಬ ರಾಣಿ, ಅದೂ ತುಂಬಿದ ಸಭೆಯಲ್ಲಿ ಅವಮಾನಗೊಂಡವಳು, ಒಂದು ಊರಿನ ದೇವಿಯಾಗುವುದು ಹೇಗೆ? ಕರಗವನ್ನು ನೋಡಲು ಮೊದಲ ಸಲ ಹೋದಾಗ ನನ್ನನ್ನು ಕಾಡಿದ ಪ್ರಶ್ನೆ ಇದು. ಶಾಲೆಯ ಪಾಠದಲ್ಲಿ, ಗಮಕದ ವಾಚನದಲ್ಲಿ, ಯಕ್ಷಗಾನದ ಪ್ರಸಂಗದಲ್ಲಿ ನಾವು ಕಂಡ ದ್ರೌಪದಿಗೂ ನಗರ್ತಪೇಟೆಯ ಪಕ್ಕದ ತಿಗಳರಪೇಟೆಯಲ್ಲಿ ಪೂಜೆ ಕೊಳ್ಳುವ ದ್ರೌಪದಮ್ಮನಿಗೂ ನಡುವೆ ಏನು ನಡೆದಿದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಮೂಲ ಕಥೆಯನ್ನೇ ಮತ್ತೊಮ್ಮೆ ನೋಡಬೇಕು.

ವ್ಯಾಸಭಾರತದಲ್ಲಿಯೇ ದ್ರೌಪದಿ ಬೇರೆ ಹೆಂಗಸರಂತೆ ಹುಟ್ಟಿದವಳಲ್ಲ. ದ್ರೋಣನ ಮೇಲಿನ ಹಗೆಯಿಂದ ಪಾಂಚಾಲದ ದೊರೆ ದ್ರುಪದ ಮಾಡಿಸಿದ ಯಜ್ಞದಲ್ಲಿ ಮೊದಲು ಬೆಂಕಿಯಿಂದ ಧೃಷ್ಟದ್ಯುಮ್ನ ಎದ್ದು ಬರುತ್ತಾನೆ, ಆಮೇಲೆ ವೇದಿಕೆಯ ನಡುವಿನಿಂದ ಈಕೆ. ದ್ರುಪದನಿಗೆ ಯಜ್ಞಸೇನ ಎಂಬ ಹೆಸರೂ ಇದ್ದದ್ದರಿಂದ ಯಾಜ್ಞಸೇನಿ. ಮೈಬಣ್ಣ ಕಪ್ಪಾದ್ದರಿಂದ ಕೃಷ್ಣೆ. ಹುಟ್ಟಿದೊಡನೆ ಕೇಳಿಬಂದ ಅಶರೀರವಾಣಿ, ಈಕೆಯಿಂದ ಕ್ಷತ್ರಿಯರ ನಾಶವಾಗುತ್ತದೆ ಎಂದು ಸಾರುತ್ತದೆ. ತಾಯಿಯ ಬಸಿರನ್ನು ಕಾಣದೆ, ಬಾಲ್ಯವಿಲ್ಲದೆ, ಬೆಳೆದ ಹೆಣ್ಣಾಗಿಯೇ ಬೆಂಕಿಯಿಂದ ಬಂದವಳು. ಐವರನ್ನು ಮದುವೆಯಾಗುವ ಪ್ರಸಂಗದಲ್ಲಿ ದ್ರುಪದ ಹಿಂಜರಿದಾಗ ವ್ಯಾಸರು ಬಂದು, ಪಾಂಡವರು ಹಿಂದಿನ ಐವರು ಇಂದ್ರರೆಂದೂ ಈಕೆ ಶ್ರೀದೇವಿಯೆಂದೂ ವಿವರಿಸುತ್ತಾರೆ. ದೇವತ್ವದ ಬೀಜ ಮೂಲದಲ್ಲಿಯೇ ಇದೆ. ಆದರೆ ಅದು ಅಲ್ಲೊಂದು ಇಲ್ಲೊಂದು ಮಾತಾಗಿ ಉಳಿಯುತ್ತದೆ. ಕಥೆಯುದ್ದಕ್ಕೂ ಅವಳು ಕಷ್ಟಪಡುವುದು ಮನುಷ್ಯಳಾಗಿಯೇ.

ಸಭಾಪರ್ವದಲ್ಲಿ ಅವಳು ಕೇಳುವ ಪ್ರಶ್ನೆ ನಮಗೆಲ್ಲ ಗೊತ್ತು. ಧರ್ಮರಾಯ ಮೊದಲು ತನ್ನನ್ನು ಸೋತುಕೊಂಡನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕೆ ಒಡ್ಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಂಥ ಹಿರಿಯ ಧರ್ಮ ಸೂಕ್ಷ್ಮವಾದದ್ದು ಎಂದು ಹೇಳಿ ಸುಮ್ಮನಾಗುತ್ತಾನೆ. ಆ ಪ್ರಶ್ನೆಗೆ ಸಭೆಯಲ್ಲಿ ಕಡೆಗೂ ಉತ್ತರ ದೊರೆಯುವುದಿಲ್ಲ. ಸೀರೆ ಮುಗಿಯದೆ ಬೆಳೆಯುತ್ತ ಹೋಯಿತು ಎಂಬ ಭಾಗದಲ್ಲಿ ಕೃಷ್ಣ ಬಂದು ಕಾಪಾಡಿದ ಎಂದೇ ನಮ್ಮ ಮನಸ್ಸಿನಲ್ಲಿ ಚಿತ್ರವಿದೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು ನೂರಾರು ಹಸ್ತಪ್ರತಿಗಳನ್ನು ಹೋಲಿಸಿ 1966ರ ವೇಳೆಗೆ ಪೂರ್ತಿಗೊಳಿಸಿದ ಪರಿಷ್ಕೃತ ಪಾಠದಲ್ಲಿ ಮಾತ್ರ ಕೃಷ್ಣನ ಹೆಸರು ಆ ಜಾಗದಲ್ಲಿಲ್ಲ. ಬಟ್ಟೆ ತಾನಾಗಿಯೇ ಬೆಳೆಯುತ್ತದೆ. ಈ ವ್ಯತ್ಯಾಸ ಚಿಕ್ಕದಲ್ಲ. ಒಂದು ಪಾಠದಲ್ಲಿ ಅವಳು ದೇವರು ಕಾಪಾಡಿದ ಭಕ್ತೆ, ಇನ್ನೊಂದರಲ್ಲಿ ಅವಳ ಸತ್ಯವೇ ಅವಳಿಗೆ ಕಾವಲು. ಅದೇ ಸಭೆಯಲ್ಲಿ ಧೃತರಾಷ್ಟ್ರ ವರ ಕೇಳು ಎಂದಾಗ ಗಂಡಂದಿರನ್ನು ದಾಸ್ಯದಿಂದ ಬಿಡಿಸಿಕೊಂಡು, ಮೂರನೆಯ ವರ ಬೇಡವೆಂದು ನಿಲ್ಲುತ್ತಾಳೆ. ಮುಳುಗುತ್ತಿದ್ದ ಪಾಂಡವರಿಗೆ ಪಾಂಚಾಲಿ ದೋಣಿಯಾದಳು ಎಂದು ಆಗ ಹೇಳುವವನು ಬೇರೆ ಯಾರೂ ಅಲ್ಲ, ಕರ್ಣ.

ಇನ್ನು ಮುಂದೆ ವಿರಾಟನ ಅರಮನೆಯಲ್ಲಿ ಸೈರಂಧ್ರಿಯಾಗಿ ಕೀಚಕನ ಕಾಟ, ಯುದ್ಧ ಗೆದ್ದ ರಾತ್ರಿಯೇ ಅಶ್ವತ್ಥಾಮನ ಕೈಯಲ್ಲಿ ಐದು ಮಕ್ಕಳ ಕೊಲೆ. ಗೆದ್ದ ಪಕ್ಷದ ರಾಣಿಗೆ ಉಳಿದದ್ದು ಮಕ್ಕಳಿಲ್ಲದ ಮಡಿಲು. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ವೀರಕುಮಾರರ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಕನ್ನಡದ ಕವಿಗಳು ಈ ದ್ರೌಪದಿಯನ್ನು ತಮ್ಮ ತಮ್ಮ ಕಾಲಕ್ಕೂ ಕಾವ್ಯದ ಉದ್ದೇಶಕ್ಕೂ ತಕ್ಕಂತೆ ಹೊಸದಾಗಿ ಕಡೆದರು. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪ ಅವಳನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಬರೆಯುತ್ತಿದ್ದ ಕಾವ್ಯದಲ್ಲಿ ಐವರು ಗಂಡಂದಿರ ಕಥೆಗೆ ಜಾಗವಿರಲಿಲ್ಲ. ರನ್ನನ ಗದಾಯುದ್ಧದಲ್ಲಿ ಬಿಚ್ಚಿದ ಮುಡಿಯ ದ್ರೌಪದಿ ಭೀಮನನ್ನು ಕೆರಳಿಸುತ್ತಾಳೆ. ದುರ್ಯೋಧನ ಬಿದ್ದ ಮೇಲಷ್ಟೇ ಆ ಮುಡಿ ಕಟ್ಟುವುದು. ಗದುಗಿನ ಕುಮಾರವ್ಯಾಸನಲ್ಲಿ ಅವಳ ಮಾತಿನ ಮೊನಚು ಎಲ್ಲರಿಗಿಂತ ಹೆಚ್ಚು. ಕೀಚಕನಿಂದ ಒದೆ ತಿಂದ ರಾತ್ರಿ ಅಡುಗೆಮನೆಯಲ್ಲಿ ಮಲಗಿದ ಭೀಮನನ್ನು ಎಬ್ಬಿಸಿ ಅವಳು ಆಡುವ ಮಾತುಗಳನ್ನು ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಗಮಕಿಯೊಬ್ಬರು ಓದುವಾಗ, ಹಿಂದಿನ ಸಾಲಿನಲ್ಲಿ ಕುಳಿತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ಚಿಕ್ಕವನಾಗಿದ್ದಾಗ ಕಂಡಿದ್ದೇನೆ. ಆದರೆ ಕುಮಾರವ್ಯಾಸ ಬರೆದದ್ದು ಹತ್ತು ಪರ್ವ. ಗದಾಪರ್ವಕ್ಕೆ ಅವನ ಭಾರತ ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಮುಂದುವರಿಸಿದನಾದರೂ ಅದು ಮನೆಮನೆಯ ಓದಾಗಲಿಲ್ಲ. ಹಾಗಾಗಿ ಕನ್ನಡಿಗರು ಅತಿ ಹೆಚ್ಚು ಪ್ರೀತಿಸಿದ ಭಾರತದಲ್ಲಿ ದ್ರೌಪದಿ ಬಿದ್ದ ಆ ಹಿಮದ ದಾರಿಯೇ ಇಲ್ಲ. ಆ ಖಾಲಿ ಜಾಗವನ್ನು ತುಂಬಿಕೊಟ್ಟದ್ದು ಗ್ರಂಥಗಳಲ್ಲ, ತೋಟಗಾರಿಕೆಯನ್ನು ಕುಲಕಸುಬಾಗಿ ಉಳ್ಳ ಒಂದು ಸಮುದಾಯ.

ಅನ್ಯಾಯಕ್ಕೆ ಒಳಗಾದ ಮನುಷ್ಯರು ದೇವರಾಗುವುದು ನಮ್ಮ ನಾಡಿಗೆ ಹೊಸತೇನಲ್ಲ. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿದರು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲಿನ ಪಟ್ಟಿಯಲ್ಲಿ ದೇವರ ಸನ್ನಿಧಿ: ಮನುಷ್ಯ ದೈವವಾಗುವ ಮೂರು ಮೆಟ್ಟಿಲುಗಳನ್ನು ಒಂದೇ ಕಲ್ಲಿನಲ್ಲಿ ಕೊರೆದಿಟ್ಟಂತೆ. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದು ಕೂಡ ಇಂಥದೊಂದು ವೀರಗಲ್ಲಿನ ಶಾಸನದಲ್ಲಿಯೇ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ಆ ಶಾಸನ ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ನೆನೆಯುತ್ತದೆ. ಹೆಂಗಸರ ಕಥೆಗಳಲ್ಲಿ ಯುದ್ಧದ ಬದಲು ಅನ್ಯಾಯ ಇರುತ್ತದೆ. ತಪ್ಪಿಲ್ಲದ ಗಂಡನನ್ನು ಕೊಲ್ಲಿಸಿದ ಮದುರೆಯನ್ನು ಸುಟ್ಟ ಕಣ್ಣಗಿ ತಮಿಳುನಾಡಿನಲ್ಲಿ ಕಾವ್ಯದ ನಾಯಕಿಯಾಗಿ, ಶ್ರೀಲಂಕೆಯಲ್ಲಿ ಪತ್ತಿನಿ ದೇವಿಯಾಗಿ ಉಳಿದಳು. ನಮ್ಮ ಸವದತ್ತಿಯ ಎಲ್ಲಮ್ಮನ ಕಥೆ ಇನ್ನೂ ಹತ್ತಿರದ್ದು. ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ಹೊಳೆಯ ಮರಳಿನಿಂದ ಹಸಿ ಕೊಡ ಮಾಡಿ, ಹಾವನ್ನೇ ಸಿಂಬಿ ಸುತ್ತಿ, ತಲೆಯ ಮೇಲೆ ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಮನಸ್ಸು ಅರೆಗಳಿಗೆ ಕದಲಿತು, ಮರಳು ನಿಲ್ಲಲಿಲ್ಲ. ಗಂಡ ಶಾಪ ಕೊಟ್ಟ, ಮಗ ಪರಶುರಾಮ ಕೊಡಲಿ ಎತ್ತಿದ. ಆ ಕಡಿದ ತಲೆ ಇಂದು ಲಕ್ಷಾಂತರ ಜನರ ತಾಯಿ.

ರೇಣುಕೆಯ ಹಸಿ ಕೊಡವನ್ನು ನಾನು ಇಲ್ಲಿ ಬೇಕೆಂದೇ ನೆನಪಿಸುತ್ತಿದ್ದೇನೆ. ಕರಗ ಎಂದರೆ ಮೂಲದಲ್ಲಿ ನೀರಿನ ಮಡಕೆ. ಸಂಸ್ಕೃತದ ಕರಕ ಎಂಬ ಶಬ್ದಕ್ಕೂ ಅದೇ ಅರ್ಥ. ಸುಡದ ಮಣ್ಣಿನಲ್ಲಿ ನೀರು ನಿಲ್ಲಬೇಕಾದರೆ ಹೊತ್ತವರ ನಿಷ್ಠೆಯೇ ಅದನ್ನು ಹಿಡಿದಿರಬೇಕು ಎಂಬ ನಂಬಿಕೆ ಎರಡೂ ಕಡೆ ಇದೆ. ಹುಣ್ಣಿಮೆಗೆ ಮೊದಲು ನಡೆಯುವ ಆಚರಣೆಯ ಹೆಸರೇ 'ಹಸಿ ಕರಗ'. ಮಡಕೆಯೊಂದು ದೇವಿಯಾಗುವುದು ಹೇಗೆ ಎಂದು ಯಾರಿಗಾದರೂ ಸಂದೇಹವಿದ್ದರೆ ತಮ್ಮ ಮನೆಯ ವರಮಹಾಲಕ್ಷ್ಮಿ ಹಬ್ಬವನ್ನು ನೆನೆಯಲಿ. ಚೊಂಬಿಗೆ ನೀರೋ ಅಕ್ಕಿಯೋ ತುಂಬಿ, ಮಾವಿನೆಲೆ ಇಟ್ಟು, ಮೇಲೆ ತೆಂಗಿನಕಾಯಿ ಕೂರಿಸಿ, ಸೀರೆಯ ನೆರಿಗೆ ಹಿಡಿದು ಉಡಿಸಿ, ಮುಖವಾಡ ಕಟ್ಟಿ, ಮುಡಿಗೆ ಹೂ ಮುಡಿಸುತ್ತೇವೆ. ಬೆಳಗಿನ ಜಾವ ಅಡುಗೆಮನೆಯ ಚೊಂಬಾಗಿದ್ದದ್ದು ಎಂಟು ಗಂಟೆಗೆ ಲಕ್ಷ್ಮಿಯಾಗಿರುತ್ತದೆ, ಮರುದಿನ ವಿಸರ್ಜನೆಯಾದ ಮೇಲೆ ಮತ್ತೆ ಚೊಂಬು. ಇದರಲ್ಲಿ ಯಾರಿಗೂ ಗೊಂದಲವಿಲ್ಲ. ಕರಗದಲ್ಲಿ ಆ ಕಳಶ ಮನೆಯ ಮೂಲೆಯಲ್ಲಿ ಕೂರದೆ ಒಬ್ಬ ಮನುಷ್ಯನ ತಲೆಯೇರಿ ಊರು ಸುತ್ತುತ್ತದೆ, ಅಷ್ಟೇ ವ್ಯತ್ಯಾಸ.

ಹೊತ್ತು ನಡೆಯುವವರು ವಹ್ನಿಕುಲ ಕ್ಷತ್ರಿಯರೆಂದು ತಮ್ಮನ್ನು ಕರೆದುಕೊಳ್ಳುವ ತಿಗಳರು. ವಹ್ನಿ ಎಂದರೆ ಬೆಂಕಿ. ಬೆಂಕಿಯಿಂದ ಬಂದ ಕುಲ ಎಂದು ಹೇಳಿಕೊಳ್ಳುವವರಿಗೆ ಬೆಂಕಿಯಿಂದ ಹುಟ್ಟಿದ ಯಾಜ್ಞಸೇನಿ ಕುಲದೇವಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ. ತಿಗುಳ ಎಂಬುದು ತಮಿಳರಿಗೆ ಹಳಗನ್ನಡದಲ್ಲಿದ್ದ ಹೆಸರು, ಅಲ್ಲಿಯೇ ಇನ್ನೊಂದು ಸುಳಿವೂ ಸಿಗುತ್ತದೆ. ತಮಿಳುನಾಡಿನ ಉತ್ತರ ಭಾಗದಲ್ಲಿ, ವಿಶೇಷವಾಗಿ ಸೆಂಜಿಯ ಸುತ್ತಮುತ್ತ, ದ್ರೌಪದಿ ಅಮ್ಮನ್ ಎಂಬ ಹೆಸರಿನಲ್ಲಿ ಅವಳಿಗೆ ಬಹಳ ಗುಡಿಗಳಿವೆ. ಅಲ್ಲಿ ಹಬ್ಬದ ದಿನಗಳಲ್ಲಿ ಭಾರತದ ಕಥೆಯನ್ನು ಹೇಳಿಸುತ್ತಾರೆ, ರಾತ್ರಿಯಿಡೀ ತೆರುಕ್ಕೂತ್ತು ಎಂಬ ಬೀದಿನಾಟಕ ಆಡುತ್ತಾರೆ, ದುರ್ಯೋಧನನ ವಧೆಯಾದ ಮೇಲೆ ದೇವಿಯ ಮುಡಿ ಕಟ್ಟುವ ಶಾಸ್ತ್ರ ಮಾಡುತ್ತಾರೆ, ಕಡೆಗೆ ಭಕ್ತರು ಕೆಂಡ ಹಾಯುತ್ತಾರೆ. ದೇವಿಯ ಕಾವಲಿಗೆ ಪೋತರಾಜ ಇರುತ್ತಾನೆ. ಅದೇ ಪೋತರಾಜ, ಕರಗ ಹೊರಡುವ ನಮ್ಮ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿಯೂ ಪೂಜೆಗೊಳ್ಳುತ್ತಾನೆ. ವ್ಯಾಸರ ಗ್ರಂಥದಲ್ಲಿ ಅವನ ಹೆಸರೇ ಇಲ್ಲ. ಸಂಸ್ಕೃತದ ಮಹಾಕಾವ್ಯ, ಗ್ರಾಮದೇವತೆಯ ಆರಾಧನೆ, ಒಂದು ಸಮುದಾಯದ ವಲಸೆಯ ನೆನಪು, ಇವು ಒಂದಕ್ಕೊಂದು ಹೆಣೆದುಕೊಂಡು ಕರಗವಾಗಿದೆ. ಬೆಂಗಳೂರಿನದೇ ಪ್ರಸಿದ್ಧವಾದರೂ ಹೊಸಕೋಟೆ, ಆನೇಕಲ್, ಕೋಲಾರಗಳಲ್ಲಿಯೂ ಕರಗ ನಡೆಯುತ್ತದೆ.

ಈಗ ಹಬ್ಬದ ದಿನಗಳಿಗೆ ಬರೋಣ. ಯುಗಾದಿ ಕಳೆದು, ಚೈತ್ರ ಶುದ್ಧದಲ್ಲಿ ಧ್ವಜಾರೋಹಣದೊಂದಿಗೆ ಆರಂಭವಾಗುವ ಆಚರಣೆ ಹುಣ್ಣಿಮೆಯ ರಾತ್ರಿಯ ಕರಗ ಶಕ್ತ್ಯೋತ್ಸವದಲ್ಲಿ ತುದಿ ಮುಟ್ಟುತ್ತದೆ. ಕರಗ ಹೊರುವ ಅರ್ಚಕ ಗಂಡಸು, ಸಂಸಾರಸ್ಥ. ಆ ದಿನಗಳಲ್ಲಿ ಅವರು ಬಳೆ ತೊಟ್ಟು, ಹಣೆಗೆ ಕುಂಕುಮವಿಟ್ಟು, ಅರಿಶಿನ ಬಣ್ಣದ ಸೀರೆ ಉಟ್ಟು, ತಮ್ಮ ಹೆಂಡತಿಯ ತಾಳಿಯನ್ನೇ ತಾವು ಕಟ್ಟಿಕೊಳ್ಳುತ್ತಾರೆ. ಅವರ ಹೆಂಡತಿ ತಾಳಿಯಿಲ್ಲದೆ, ಗಂಡನ ಮುಖ ನೋಡದೆ ಇರುತ್ತಾರೆ. ಕರಗವನ್ನು ನೋಡಲು ಊರೆಲ್ಲ ಬೀದಿಗೆ ಬಂದಾಗ ನೋಡಬಾರದವರು ಆ ಒಬ್ಬರು. ಪತ್ರಿಕೆಗಳು ಪ್ರತಿ ವರ್ಷ ಅರ್ಚಕರ ವ್ರತದ ಬಗ್ಗೆ ಬರೆಯುತ್ತವೆ. ಬಾಗಿಲ ಒಳಗೆ ಬರಿಕೊರಳಿನಲ್ಲಿ ಕುಳಿತಿರುವ ಆ ತಾಯಿಯ ವ್ರತ ಅದಕ್ಕಿಂತ ಕಡಿಮೆಯದು ಎಂದು ನಾನು ಒಪ್ಪಲಾರೆ. ಗಂಡನ ಮೈಯಲ್ಲಿ ದೇವಿ ಇರುವಷ್ಟು ಕಾಲ ಆತ ಗಂಡನಲ್ಲ ಎಂಬ ತರ್ಕ ಇಲ್ಲಿದೆ. ಹೆಣ್ಣು ದೈವ ಗಂಡಿನ ಮೈಯಲ್ಲಿ ಬರುವುದು ತುಳುನಾಡಿನ ಭೂತಕೋಲದಲ್ಲಿಯೂ, ಎಲ್ಲಮ್ಮನ ಜೋಗಪ್ಪಗಳಲ್ಲಿಯೂ ಇರುವ ಸಂಗತಿಯೇ.

ಕರಗದ ಸುತ್ತ ಬಿಚ್ಚುಗತ್ತಿ ಹಿಡಿದು ನಡೆಯುವವರು ವೀರಕುಮಾರರು. ಬರಿಮೈ, ತಲೆಗೆ ರುಮಾಲು, ಬಾಯಲ್ಲಿ ಗೋವಿಂದ ನಾಮ. ಅಲಗಿನ ಸೇವೆ ಮಾಡುವಾಗ ಕತ್ತಿಯ ಅಲಗನ್ನು ತಮ್ಮ ಎದೆಗೇ ತಾಗಿಸಿಕೊಳ್ಳುತ್ತಾರೆ. ಹೊತ್ತವರು ಎಡವಿ ಕರಗ ಬಿದ್ದರೆ ವೀರಕುಮಾರರ ಕತ್ತಿ ಅವರನ್ನು ಉಳಿಸುವುದಿಲ್ಲ ಎಂಬ ಮಾತು ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅದನ್ನು ಕೇಳಿದ ಹೊರಗಿನವರು ಬೆಚ್ಚಿ, ಅಲ್ಲಿಗೇ ನಿಂತುಬಿಡುತ್ತಾರೆ. ಆದರೆ ವೀರಕುಮಾರರು ಯಾರೆಂಬುದನ್ನು ಕಥೆಯ ಕಣ್ಣಿನಿಂದ ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಭಾರತದ ದ್ರೌಪದಿ ಐದು ಮಕ್ಕಳನ್ನು ಹೆತ್ತಳು. ಪಾಳೆಯ ನಿದ್ದೆಯಲ್ಲಿದ್ದಾಗ ನಡೆದ ದಾಳಿಯಲ್ಲಿ ಐವರೂ ಕೊಲೆಯಾದರು. ಕಾಯಬೇಕಾಗಿದ್ದ ಐವರು ಗಂಡಂದಿರು ಸಭೆಯಲ್ಲಿಯೂ ಕಾಯಲಿಲ್ಲ, ಹಿಮದ ದಾರಿಯಲ್ಲಿಯೂ ನಿಲ್ಲಲಿಲ್ಲ. ಕರಗದ ಕಥೆ ಅವಳಿಗೆ ನಿದ್ದೆ ಮಾಡದ ಮಕ್ಕಳನ್ನು ಕೊಟ್ಟಿದೆ, ಅವಳ ಮೈಯಿಂದಲೇ ಹುಟ್ಟಿದ, ಅವಳನ್ನು ಬಿಟ್ಟು ಹೋಗದ ಮಕ್ಕಳನ್ನು. ಹುಣ್ಣಿಮೆಯ ಇಡೀ ರಾತ್ರಿ ನೂರಾರು ಕತ್ತಿಗಳು ಆಕೆಯ ಸುತ್ತ ಎಚ್ಚರವಾಗಿರುತ್ತವೆ. ಇದು ನಾನು ಮಾಡಿಕೊಂಡ ಅರ್ಥ, ಸಮುದಾಯದ ಹಿರಿಯರು ಹೀಗೆ ಹೇಳುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಗ್ರಂಥದ ದ್ರೌಪದಿಗೆ ಏನೇನು ಇಲ್ಲವಾಯಿತೋ ಅದನ್ನೆಲ್ಲ ಒಂದೊಂದಾಗಿ ಪೇಟೆಯ ಕಥೆ ಹಿಂದಕ್ಕೆ ತಂದುಕೊಟ್ಟಿದೆ ಎಂಬುದನ್ನು ಕಾಣದೆ ಇರುವುದು ಕಷ್ಟ. ಅಸುರನ ಹೆಸರೂ ಹಾಗೆಯೇ. ತಿಮಿರ ಎಂದರೆ ಕತ್ತಲೆ. ಅವನನ್ನು ಗೆದ್ದ ನೆನಪಿನ ಹಬ್ಬ ವರ್ಷದ ತುಂಬು ಬೆಳದಿಂಗಳ ರಾತ್ರಿಯೊಂದರಲ್ಲಿ ನಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ಆ ರಾತ್ರಿ ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ನಡುರಾತ್ರಿ ದಾಟಿತ್ತು. ಮುಚ್ಚಿದ ಪಾತ್ರೆ ಅಂಗಡಿಯೊಂದರ ಜಗುಲಿಯ ಮೇಲೆ ನಮಗೆ ಜಾಗ ಸಿಕ್ಕಿತು. ಪಕ್ಕದಲ್ಲಿ ಮಡಿಲ ತುಂಬ ಬಿಡಿ ಮಲ್ಲಿಗೆ ಇಟ್ಟುಕೊಂಡ ವಯಸ್ಸಾದ ಹೆಂಗಸೊಬ್ಬರು ಕುಳಿತಿದ್ದರು. ಮಗಳು ಅವರನ್ನು ಕೇಳಿದಳು: "ಅಜ್ಜಿ, ದ್ರೌಪದಿ ಪಾಂಡವರ ಹೆಂಡ್ತಿ ಅಲ್ವಾ? ಮತ್ತೆ ಪಾಂಡವರು ಯಾಕೆ ಬರಲ್ಲ?" ಅಜ್ಜಿ ಅವಳ ಅಂಗೈಗೆ ಒಂದು ಹಿಡಿ ಹೂ ಹಾಕಿದರು. "ಅವರು ದೇವಸ್ಥಾನದಲ್ಲೇ ಇರ್ತಾರೆ ಪುಟ್ಟಿ. ಇವತ್ತು ಅಮ್ಮನ ದಿನ. ತವರಿಗೆ ಬಂದವಳ ಹಿಂದೆ ಗಂಡ ಬರ್ತಾನಾ?" ಅಷ್ಟರಲ್ಲಿ ಬೀದಿಯ ಕೊನೆಯಿಂದ ಗೋವಿಂದ, ಗೋವಿಂದ ಎಂಬ ಕೂಗು ಅಲೆಯಾಗಿ ಬಂತು. ಮೊದಲು ಕಂಡದ್ದು ಕತ್ತಿಗಳ ಮೇಲಿನ ಬೆಳಕು. ಆಮೇಲೆ ಜನರ ತಲೆಗಳ ಮೇಲೆ ತೇಲಿ ಬರುವಂತೆ ಗೋಪುರದ ಆಕಾರದ ಮಲ್ಲಿಗೆಯ ರಾಶಿ. ಕೆಳಗಿನ ಮುಖ ಹೂವಿನ ಜಾಲರಿಯಲ್ಲಿ ಮುಚ್ಚಿಹೋಗಿತ್ತು. ಒಂದು ಕೈಯಲ್ಲಿ ಬಾಕು, ಇನ್ನೊಂದರಲ್ಲಿ ದಂಡ. ತಲೆಯ ಮೇಲಿನ ಕರಗವನ್ನು ಮುಟ್ಟಲು ಕೈ ಉಳಿದಿರಲೇ ಇಲ್ಲ. ಗೆಜ್ಜೆಯ ಸದ್ದು ನಮ್ಮ ಮುಂದೆ ಹಾದುಹೋಗಲು ಹಿಡಿದದ್ದು ಅರೆನಿಮಿಷವೂ ಅಲ್ಲ. ಮಗಳು ಹೂ ಎರಚುವುದನ್ನೇ ಮರೆತಿದ್ದಳು, ಅಜ್ಜಿ ಅವಳ ಮಣಿಕಟ್ಟು ಹಿಡಿದು ಎರಚಿಸಿದರು.

ತವರು ಎಂಬ ಆ ಒಂದು ಮಾತು ನನಗೆ ಎಷ್ಟೋ ವಿವರಣೆಗಳಿಗಿಂತ ಹೆಚ್ಚು ತಿಳಿಸಿತು. ಬೆಂಕಿಯಿಂದ ಹುಟ್ಟಿದವಳಿಗೆ ತಾಯಿಮನೆ ಎಂಬುದು ಹೆಸರಿಗಷ್ಟೇ ಇತ್ತು. ಮದುವೆಯಾದ ಮೇಲೆ ಅವಳ ಬಾಳು ಕಾಡಿನಲ್ಲಿ, ಇನ್ನೊಬ್ಬರ ಅರಮನೆಯಲ್ಲಿ, ಪಾಳೆಯದ ಡೇರೆಯಲ್ಲಿ ಕಳೆಯಿತು. ಕೆರೆಯ ಕೆಳಗೆ ಸೊಪ್ಪು ತರಕಾರಿ ಹೂ ಬೆಳೆಯುತ್ತಿದ್ದ ಜನ ಅವಳಿಗೊಂದು ತವರುಮನೆ ಮಾಡಿಕೊಟ್ಟರು.

ಆ ಕೆರೆಯ ಕಥೆಯನ್ನು ಹೇಳದೆ ಈ ವಿವರಣೆ ಪೂರ್ತಿಯಾಗುವುದಿಲ್ಲ. ಕರಗದ ಆಚರಣೆ ನೀರಿಲ್ಲದೆ ನಡೆಯದು. ನೀರಿನ ದಡದಿಂದಲೇ ದೇವಿ ಬರಬೇಕು. ಹಿಂದೆ ಪೇಟೆಯ ಪೂರ್ವಕ್ಕೆ ಸಂಪಂಗಿ ಕೆರೆ ಇತ್ತು, ಅದರ ಸುತ್ತ ತಿಗಳರ ತೋಟಗಳಿದ್ದವು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ನಗರಕ್ಕೆ ಬಂದ ಮೇಲೆ ಊರಿನ ನಡುವಿನ ಕೆರೆಗಳ ಮೇಲೆ ಇದ್ದ ಅವಲಂಬನೆ ಕಡಿಮೆಯಾಗುತ್ತ ಹೋಯಿತು. ಸಂಪಂಗಿ ಕೆರೆ ಬತ್ತಿ, ಮೈದಾನವಾಗಿ, ಕಡೆಗೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದದ್ದು ಕರಗಕ್ಕೆಂದು ಬಿಟ್ಟುಕೊಟ್ಟ ಒಂದು ಸಣ್ಣ ಕುಂಟೆ. ನಗರದ ನಕ್ಷೆಯಲ್ಲಿ ಅದು ಕಣ್ಣಿಗೆ ಬೀಳದಷ್ಟು ಚಿಕ್ಕದು. ಅಷ್ಟು ದೊಡ್ಡ ಕೆರೆಯ ಒಂದು ತುಣುಕನ್ನಾದರೂ ಉಳಿಸಿದ್ದು ಯಾವ ನೀರಾವರಿ ಯೋಜನೆಯೂ ಅಲ್ಲ, ವರ್ಷಕ್ಕೊಮ್ಮೆ ಅಲ್ಲಿಗೆ ಬರುತ್ತೇನೆಂದ ದೇವಿಯ ಮಾತು. ಪುರಾಣಕಥೆಗಳು ಭೂಮಿಯ ಮೇಲೆ ಮಾಡುವ ಕೆಲಸಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿದಿಲ್ಲ.

ಕರಗ ನಡೆಯುವ ದಾರಿಯೂ ಹೀಗೆಯೇ ಹಳೆಯ ಊರನ್ನು ಉಳಿಸಿಕೊಂಡಿದೆ. ಪೇಟೆಯ ಓಣಿಗಳಲ್ಲಿ ಗುಡಿಯಿಂದ ಗುಡಿಗೆ ಸಾಗುತ್ತ, ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ನಿಂತು, ಅಲ್ಲಿ ಗೌರವ ಪಡೆದು ಮುಂದೆ ಹೋಗುವುದು ಕ್ರಮ. ಮಹಾಭಾರತದ ರಾಣಿ ಸೂಫಿ ಸಂತನ ಬಾಗಿಲಿಗೆ ಬರುವುದನ್ನು ಯಾವ ಗ್ರಂಥವೂ ಹೇಳಿಲ್ಲ, ಪೇಟೆಯ ಜನ ಅದನ್ನು ಗ್ರಂಥದಲ್ಲಿ ಹುಡುಕಿಯೂ ಇಲ್ಲ. ದೇವಿ ಊರು ಸುತ್ತಲು ಬರುತ್ತಾಳೆ, ಊರಿನಲ್ಲಿ ಇರುವವರ ಮನೆಗೆಲ್ಲ ಹೋಗುತ್ತಾಳೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು ಕೇಳುವುದುಂಟು: ಹಾಗಾದರೆ ನಿಜವಾದ ದ್ರೌಪದಿ ಯಾರು? ಹಿಮದಲ್ಲಿ ಬಿದ್ದು ಸತ್ತವಳೋ, ಎದ್ದು ಅಸುರನನ್ನು ಕೊಂದವಳೋ, ಪಂಪನ ಅರ್ಜುನನೊಬ್ಬನ ಮಡದಿಯೋ? ಈ ಪ್ರಶ್ನೆಯ ಹಿಂದೆ, ಒಂದು ಕಥೆಗೆ ಒಂದೇ ಸರಿಯಾದ ರೂಪವಿದ್ದು ಉಳಿದವೆಲ್ಲ ಅದರ ಕೆಟ್ಟ ಪ್ರತಿಗಳು ಎಂಬ ಎಣಿಕೆ ಇದೆ. ಹಸ್ತಪ್ರತಿಗಳ ವಿಷಯದಲ್ಲಿ ಆ ಎಣಿಕೆಗೆ ಬೆಲೆಯುಂಟು. ಯಾವ ಶ್ಲೋಕ ಹಳೆಯದು, ಯಾವುದು ಆಮೇಲೆ ಸೇರಿದ್ದು ಎಂಬುದನ್ನು ವಿದ್ವಾಂಸರು ತಿಳಿಯಲೇಬೇಕು. ಆದರೆ ಪೂಜೆಗೊಳ್ಳುವ ಕಥೆಯನ್ನು ಅಳೆಯುವ ಕೋಲು ಅದಲ್ಲ. ಪಂಪ ತನ್ನ ರಾಜನಿಗಾಗಿ ಕಥೆಯನ್ನು ಬದಲಿಸಿದಾಗ ನಾವು ಅದನ್ನು ಕವಿಪ್ರತಿಭೆ ಎಂದು ಕೊಂಡಾಡುತ್ತೇವೆ. ಹೆಸರಿಲ್ಲದ ತೋಟಗಾರರು ತಮ್ಮ ತಾಯಿಗಾಗಿ ಅದೇ ಕಥೆಯನ್ನು ಮುಂದುವರಿಸಿದಾಗ ಅದನ್ನು ಮೂಢನಂಬಿಕೆ ಎಂದೋ, ಮೂಲಕ್ಕೆ ದೂರವಾದದ್ದೆಂದೋ ತಳ್ಳಿಹಾಕುವುದು ನ್ಯಾಯವಲ್ಲ. ಎರಡೂ ಕಡೆ ಕೆಲಸ ಮಾಡಿರುವುದು ಒಂದೇ ಬಗೆಯ ಕಲ್ಪನೆ. ನನ್ನ ಮನಸ್ಸು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಭೀಮನ ಪ್ರಶ್ನೆಗೆ ಧರ್ಮರಾಯ ಕೊಟ್ಟ ಉತ್ತರ ನನಗೆ ಯಾವತ್ತೂ ಸಾಕೆನಿಸಿಲ್ಲ.

ಆ ದೇವಸ್ಥಾನಕ್ಕೆ ಇರುವ ಹೆಸರು ಮಾತ್ರ ಧರ್ಮರಾಯನದೇ. ಹಬ್ಬ ಅವಳದು, ಮನೆ ಅವನದು. ಬೆಳಗಿನ ಹೊತ್ತಿಗೆ ಕರಗ ಊರು ಸುತ್ತಿ ಬಂದು ಆ ಬಾಗಿಲೊಳಗೆ ಹೋಗುವಾಗ, ಹಿಂದೆ ತಿರುಗಿ ನೋಡದೆ ನಡೆದವನು ಎದುರಿಗೇ ಕುಳಿತಿರುತ್ತಾನೆ, ಬರುವವಳ ಕಡೆಗೇ ಮುಖ ಮಾಡಿ. ಅವೆನ್ಯೂ ರಸ್ತೆಯಲ್ಲಿ ಅಂಗಡಿಗಳ ಷಟರ್ ಏಳುವ ಸದ್ದು ಶುರುವಾಗಿರುತ್ತದೆ. ಹೆಂಗಸರು ಬಗ್ಗಿ, ರಾತ್ರಿ ಎರಚಿದ ಮಲ್ಲಿಗೆಯಲ್ಲಿ ತುಳಿತಕ್ಕೆ ಸಿಗದ ಹೂಗಳನ್ನು ಹುಡುಕಿ ಸೆರಗಿಗೆ ಹಾಕಿಕೊಳ್ಳುತ್ತಿರುತ್ತಾರೆ, ಮನೆಯಲ್ಲಿ ದೇವರ ಮುಂದಿಡಲು.